ಅಕ್ಕಿ ಬದಲು ರೊಕ್ಕ: ಬೆಟಗೇರಿಯ ಕಿರಾಣಿ ಅಂಗಡಿಯವನ ರಿವ್ಯೂ

ಮೊಬೈಲ್, ಮಿಕ್ಸರ್, ಹೋಟೆಲ್ ದೋಸೆ, ಎಲ್ಲದಕ್ಕೂ ಜನ ಸ್ಟಾರ್ ಕೊಡುತ್ತಾರೆ. ಸರಕಾರ ಮನೆಮನೆಗೆ ಕೊಡುವ ಮಾಲಿಗೆ ಮಾತ್ರ ಒಂದೋ ಜೈಕಾರ, ಇಲ್ಲಾ ಬೈಗುಳ. ಹಾಗಾಗಿ ಈ ರಿವ್ಯೂ. ಮಾಲಿನ ಹೆಸರು: ಅನ್ನಭಾಗ್ಯದ ಐದು ಕೆಜಿ ಅಕ್ಕಿ ಬದಲು ತಲೆಗೆ ತಿಂಗಳಿಗೆ 170 ರೂಪಾಯಿ. ಶುರುವಾಗಿದ್ದು 2023ರ ಜುಲೈ, ನಿಂತಿದ್ದು 2025ರ ಫೆಬ್ರುವರಿ. ನನ್ನ ಲೆಕ್ಕದಲ್ಲಿ 5ಕ್ಕೆ 3 ಸ್ಟಾರ್. ಅದರ ದೊಡ್ಡ ಪ್ಯಾಕ್ ಒಂದಿದೆ. ಇರುವ ಯೋಜನೆಗಳನ್ನೆಲ್ಲ ಮುಚ್ಚಿ, ಪ್ರತಿಯೊಬ್ಬರ ಖಾತೆಗೂ ತಿಂಗಳಿಗಿಷ್ಟು ಅಂತ ಹಾಕುವ ಮೂಲ ಆದಾಯ. ಅದಕ್ಕೆ, ಈಗ ಹೇಳುತ್ತಿರುವ ರೂಪದಲ್ಲಿ, ಒಂದೂವರೆ. ಸ್ವಲ್ಪ ಉದ್ದ ಬರೆದಿದ್ದೇನೆ. ಮಧ್ಯಾಹ್ನ ಗಿರಾಕಿ ಕಡಿಮೆ.

ನನ್ನ ಬಗ್ಗೆ ಎರಡು ಮಾತು ಹೇಳಲೇಬೇಕು, ಇಲ್ಲದಿದ್ದರೆ ರಿವ್ಯೂಗೆ ಬೆಲೆ ಇಲ್ಲ. ಧಾರವಾಡದಲ್ಲಿ ಅರ್ಥಶಾಸ್ತ್ರ ಎಂಎ ಮಾಡಿದೆ. ಈಗ ಗದಗ-ಬೆಟಗೇರಿಯಲ್ಲಿ ಅಪ್ಪನ ಕಿರಾಣಿ ಅಂಗಡಿ ನೋಡಿಕೊಳ್ಳುತ್ತೇನೆ. ಅವ್ವ ಇರುವುದು ತಮ್ಮನ ಮನೆಯಲ್ಲಿ. ತಮ್ಮ ಮಗ್ಗದ ಮೇಲೆ ಸೀರೆ ನೇಯುತ್ತಾನೆ. ಕಾರ್ಡು ಅವ್ವನ ಹೆಸರಿನಲ್ಲಿ, ಮನೆಯಲ್ಲಿ ಐದು ತಲೆ, ತಿಂಗಳಿಗೆ 850 ಅವ್ವನ ಖಾತೆಗೆ ಬರುತ್ತಿತ್ತು. ಇನ್ನೊಂದು ವಿಷಯ. ಜನರ ಕೈಗೆ ಅಕ್ಕಿ ಬದಲು ರೊಕ್ಕ ಬಂದರೆ ಲಾಭ ಆಗುವುದು ನನ್ನಂಥ ಅಂಗಡಿಯವನಿಗೆ. ಅದನ್ನು ನೆನಪಿಟ್ಟುಕೊಂಡು ಓದಿ.

ಈ ಮಾಲು ಯಾರೂ ಯೋಚನೆ ಮಾಡಿ ತಂದದ್ದಲ್ಲ. ಚುನಾವಣೆಯಲ್ಲಿ ಹತ್ತು ಕೆಜಿ ಅಂತ ಹೇಳಿದ್ದರು. ಐದು ಕೆಜಿ ಕೇಂದ್ರದ್ದು, ಮತ್ತೈದು ರಾಜ್ಯದ್ದು. ರಾಜ್ಯ ಅಕ್ಕಿ ಕೊಳ್ಳಲು ಹೋದಾಗ, 2023ರ ಜೂನ್‌ನಲ್ಲಿ, ಕೇಂದ್ರ ತನ್ನ ದಾಸ್ತಾನಿನ ಅಕ್ಕಿಯನ್ನು ರಾಜ್ಯಗಳಿಗೆ ಮಾರುವುದನ್ನೇ ನಿಲ್ಲಿಸಿತು. ಆಗ ರಾಜ್ಯ ಸರಕಾರ ಕೆಜಿಗೆ 34ರಂತೆ ಲೆಕ್ಕ ಹಾಕಿ ರೊಕ್ಕ ಹಾಕತೊಡಗಿತು. ಅಂದ್ರೆ ಸ್ಟಾಕ್ ಇಲ್ಲದ್ದಕ್ಕೆ ಬದಲಿ ಮಾಲು. ಆದರೆ ದೇಶದಲ್ಲಿ ಎಷ್ಟೋ ವರ್ಷದಿಂದ ಪಂಡಿತರು ಕೇಳುತ್ತಿದ್ದ ಪ್ರಶ್ನೆಗೆ, ಅಂದ್ರೆ ಧಾನ್ಯ ಬಿಟ್ಟು ದುಡ್ಡೇ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ, ನಮ್ಮ ಓಣಿಯಲ್ಲೇ ಪರೀಕ್ಷೆ ನಡೆಯಿತು. ಶಾಂಪೂ ಬಾಟಲಿ ಕೊಳ್ಳುವ ಮೊದಲು ಒಂದು ರೂಪಾಯಿ ಪ್ಯಾಕೆಟ್ ಹಚ್ಚಿ ನೋಡಿದ ಹಾಗೆ.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಮತ್ತು ಅದು ಸಣ್ಣದಲ್ಲ.

ನಮ್ಮ ಕಡೆ ಊಟ ಅಂದ್ರೆ ಜೋಳದ ರೊಟ್ಟಿ. ಅನ್ನ ಕೊನೆಗೆ, ಸಾರಿನ ಜೊತೆ ಒಂದು ಮುಟಿಗೆ. ಐದು ಜನರ ಮನೆಗೆ ತಿಂಗಳಿಗೆ ಐವತ್ತು ಕೆಜಿ ಅಕ್ಕಿ ಬಂದರೆ ಏನು ಮಾಡಬೇಕು? ಇಡ್ಲಿ, ಪಡ್ಡು, ಅಕ್ಕಿ ಹಿಟ್ಟು ಎಲ್ಲ ಆಗಿ ಉಳಿಯುತ್ತದೆ. ಉಳಿದದ್ದು ಎಲ್ಲಿ ಹೋಗುತ್ತದೆ ಅಂತ ಎಲ್ಲರಿಗೂ ಗೊತ್ತು. ಬೈಕಿಗೆ ತೂಕದ ಕೊಂಡಿ ಕಟ್ಟಿಕೊಂಡು ಓಣಿ ಓಣಿ ತಿರುಗುವವರು ಇದ್ದಾರೆ. ಅರ್ಧ ಬೆಲೆಗೂ ಕಡಿಮೆಗೆ ಕೊಂಡು ಚೀಲ ತುಂಬಿಕೊಂಡು ಹೋಗುತ್ತಾರೆ. ಆ ದುಡ್ಡಿನಿಂದ ಹೆಂಗಸರು ನನ್ನ ಅಂಗಡಿಗೆ ಬಂದು ಜೋಳ ಕೊಳ್ಳುತ್ತಾರೆ. ಸರಕಾರ ಪೂರ್ತಿ ಬೆಲೆ ಕೊಟ್ಟು ಕೊಂಡ ಅಕ್ಕಿ, ಅರ್ಧ ಬೆಲೆಯ ಜೋಳವಾಗಿ ತಟ್ಟೆಗೆ ಬರುವುದು ಹೀಗೆ. ನಡುವಿನ ಅರ್ಧ ಬೈಕಿನವನಿಗೆ.

ರೊಕ್ಕ ಬರತೊಡಗಿದ ಮೇಲೆ ಈ ಸುತ್ತು ಕಡಿಮೆ ಆಯಿತು. ಅವ್ವ ನೇರ ಬಿಳಿಜೋಳ ಕೊಂಡಳು. ತೂಕದಲ್ಲಿ ಮೋಸ ಇಲ್ಲ, ಹುಳ ಹಿಡಿದಿದೆ ಅಂತ ಜಗಳ ಇಲ್ಲ, ಇವತ್ತು ಅಕ್ಕಿ ಬಂದಿಲ್ಲ ನಾಳೆ ಬನ್ನಿ ಅಂತ ಇಲ್ಲ. ಅದೇ ವರ್ಷ ಆಗಸ್ಟ್ 30ಕ್ಕೆ ಗೃಹಲಕ್ಷ್ಮಿ ಕೂಡ ಶುರುವಾಯಿತು, ಮನೆಯ ಯಜಮಾನಿಗೆ ತಿಂಗಳಿಗೆ 2,000. ಅದು ಬರದ ವರ್ಷ ಬೇರೆ. ಹೊಲದ ಕೆಲಸ ಇಲ್ಲ, ಮಗ್ಗದ ಮಜೂರಿಯೂ ಎಳೆದಾಟ. ಆ ಎರಡು ಕಂತು ಬಿದ್ದ ದಿನ ನನ್ನ ಉದ್ರಿ ಪುಸ್ತಕ ನೋಡಬೇಕಿತ್ತು. ಒಂದೊಂದೇ ಹೆಸರಿನ ಮುಂದೆ ಗೆರೆ ಎಳೆಯುತ್ತಾ ಹೋದೆ. ಪಾವು ಕೆಜಿ ತೊಗರಿ ಬೇಳೆ ಒಯ್ಯುವವರು ಅರ್ಧ ಕೆಜಿ ಕೇಳಿದರು. ಚುಟ್ಟಾ, ಗುಟಕಾ ಜಾಸ್ತಿ ಹೋಯಿತಾ ಅಂತ ನನ್ನ ಗೆಳೆಯನೊಬ್ಬ, ಕಾಲೇಜಿನಲ್ಲಿ ಮೇಷ್ಟ್ರು, ಪದೇ ಪದೇ ಕೇಳುತ್ತಿದ್ದ. ಇಲ್ಲ ಮಾರಾಯ. ಜಾಸ್ತಿ ಹೋಗಿದ್ದು ಎಣ್ಣೆ ಪ್ಯಾಕೆಟ್, ಬೇಳೆ, ಮತ್ತೆ ಮಕ್ಕಳ ನೋಟ್‌ಬುಕ್. ನಮ್ಮ ಜಿಲ್ಲೆಯ ಗಜೇಂದ್ರಗಡದಲ್ಲಿ ಅತ್ತೆ-ಸೊಸೆ ಸೇರಿ ಗೃಹಲಕ್ಷ್ಮಿ ದುಡ್ಡು ಕೂಡಿಟ್ಟು ಬೋರ್‌ವೆಲ್ ಕೊರೆಸಿದ್ದು 2024ರಲ್ಲಿ ಪೇಪರಿನಲ್ಲೇ ಬಂದಿತ್ತು. ಅಕ್ಕಿ ಕೂಡಿಟ್ಟು ಬೋರ್ ಕೊರೆಸಲು ಆಗುತ್ತದಾ?

ಹಾಗಾಗಿ ಬಡವರಿಗೆ ದುಡ್ಡು ಕೊಟ್ಟರೆ ಹಾಳು ಮಾಡುತ್ತಾರೆ ಎನ್ನುವವರ ಜೊತೆ ನಾನು ವಾದ ಮಾಡುವುದಿಲ್ಲ. ಸುಮ್ನೆ ಉದ್ರಿ ಪುಸ್ತಕ ತೋರಿಸುತ್ತೇನೆ. ಮಧ್ಯಪ್ರದೇಶದ ಹಳ್ಳಿಗಳಲ್ಲಿ 2011ರಿಂದ ‘ಸೇವಾ’ (SEWA) ಎಂಬ ದುಡಿಯುವ ಹೆಂಗಸರ ಸಂಘ, ಯುನಿಸೆಫ್ ನೆರವಿನೊಂದಿಗೆ, ದೊಡ್ಡವರಿಗೆ ತಿಂಗಳಿಗೆ 200, ಮಕ್ಕಳಿಗೆ 100 ಅಂತ ಕೊಟ್ಟು ನೋಡಿತು. ಆಮೇಲೆ 300 ಮತ್ತು 150 ಆಯಿತು. ಅಲ್ಲಿಯೂ ಕುಡಿತ ಹೆಚ್ಚಲಿಲ್ಲ. ಊಟ ಸುಧಾರಿಸಿತು, ಜನ ಆಡು-ಕುರಿ ಕೊಂಡರು, ಸ್ವಂತ ಹೊಲದ ಕೆಲಸ ಹೆಚ್ಚಿತು. ಆದರೆ ಒಂದು ಮಾತು ಗಮನಿಸಿ. ಅಲ್ಲಿ ರೇಷನ್ ನಿಲ್ಲಿಸಿರಲಿಲ್ಲ. ಇದ್ದದ್ದರ ಮೇಲೆ ಕೊಟ್ಟದ್ದು ಅದು.

ಈಗ ತೊಂದರೆಗಳು. ಸಣ್ಣವು ಬೇಗ ಮುಗಿಸುತ್ತೇನೆ. ಆಧಾರ್ ಜೋಡಣೆ ಇಲ್ಲದ ಖಾತೆಗೆ ದುಡ್ಡಿಲ್ಲ. ಯಾವ ಖಾತೆಗೆ ಬಿತ್ತು ಅಂತ ತಿಳಿಯಲು ಮತ್ತೊಬ್ಬರ ಕಾಲು ಹಿಡಿಯಬೇಕು. ನಮ್ಮ ಓಣಿಯ ಒಬ್ಬ ಅಜ್ಜಿ ಮೊಬೈಲ್ ಹಿಡಿದು ಬರುತ್ತಿದ್ದಳು, ಮೆಸೇಜ್ ಓದಲು. "ಬಂದೈತೇನೋ ತಮ್ಮಾ?" ಬಂದಿರುತ್ತಿತ್ತು. ಆದರೆ ಖಾತೆಯಲ್ಲಿ ಮಿನಿಮಮ್ ಇಲ್ಲ ಅಂತ ಬ್ಯಾಂಕು ಒಂದಿಷ್ಟು ಹಿಡಿದುಕೊಂಡಿರುತ್ತಿತ್ತು. ಯಾವ ಬ್ಯಾಂಕು ಅಂತ ಬೇಡ ಬಿಡಿ. ಇನ್ನು ಕಂತು ತಡವಾಗುವುದು. ಎರಡು-ಮೂರು ತಿಂಗಳದ್ದು ಬಾಕಿ ಬಿದ್ದು ಒಟ್ಟಿಗೆ ಬಂದದ್ದೂ ಇದೆ. ಚುನಾವಣೆ ಹತ್ತಿರ ಬಂದಾಗ ಮಾತ್ರ ಬೇಗ ಬರುತ್ತದೆ ಅಂತ ಅಂಗಡಿ ಕಟ್ಟೆಯ ಮೇಲೆ ಕುಳಿತವರ ಮಾತು.

ಅದೇ ಅಜ್ಜಿ ಒಂದು ದಿನ ಹೇಳಿದ್ದು: "ಅಕ್ಕಿ ಇದ್ರ ಮಗಾ ಕೇಳಂಗಿಲ್ಲ. ರೊಕ್ಕ ಇದ್ರ ಕೇಳತಾನ." ಅದಕ್ಕೆ ನನ್ನ ಎಂಎಯಲ್ಲಿ ಉತ್ತರ ಇಲ್ಲ.

ಈಗ ದೊಡ್ಡ ದೋಷಕ್ಕೆ ಬರುತ್ತೇನೆ. ನಾನು ಎರಡು ಸ್ಟಾರ್ ಕಿತ್ತುಕೊಂಡದ್ದು ಇದಕ್ಕೇ.

ಕೆಜಿಗೆ 34 ಅಂತ ಲೆಕ್ಕ ಹಾಕಿದರಲ್ಲ, ಆ ದರಕ್ಕೆ ನನ್ನ ಅಂಗಡಿಯಲ್ಲಿ ಮನುಷ್ಯರು ತಿನ್ನುವ ಅಕ್ಕಿ ಇರಲಿಲ್ಲ. ಅತಿ ಅಗ್ಗದ್ದು 40ರ ಮೇಲೆ. ಬಿಳಿಜೋಳ ಆ ವರ್ಷ ಅಕ್ಕಿಗಿಂತ ತುಟ್ಟಿ. 170 ರೂಪಾಯಿಗೆ ಐದು ಕೆಜಿ ಏನೂ ಬರಲಿಲ್ಲ. ಶುರುವಿನಲ್ಲೇ ಕಡಿಮೆ. ಅದಕ್ಕಿಂತ ಮುಖ್ಯ, ಶುರುವಾದ ದಿನದಿಂದ ನಿಂತ ದಿನದವರೆಗೂ ಅದು 170. ನನ್ನ ಅಂಗಡಿ ಹಲಗೆಯ ಮೇಲೆ ದರ ವಾರಕ್ಕೊಮ್ಮೆ ಅಳಿಸಿ ಬರೆಯುತ್ತೇನೆ. ಒಮ್ಮೊಮ್ಮೆ ಇಳಿಯುತ್ತದೆ, ಜಾಸ್ತಿ ಸಲ ಏರುತ್ತದೆ. 170 ಮಾತ್ರ ಯಾರೂ ಅಳಿಸಲಿಲ್ಲ.

ಇದು ಈ ಒಂದು ಮಾಲಿನ ಕಥೆಯಾಗಿದ್ದರೆ ಬಿಟ್ಟುಬಿಡುತ್ತಿದ್ದೆ. ದುಡ್ಡಿನ ರೂಪದ ಎಲ್ಲ ಯೋಜನೆಗಳದ್ದೂ ಇದೇ ರೋಗ. ಕೇಂದ್ರದ ವೃದ್ಧಾಪ್ಯ ಪಿಂಚಣಿ ನೋಡಿ. ಎಂಬತ್ತರೊಳಗಿನವರಿಗೆ ಕೇಂದ್ರದ ಪಾಲು ತಿಂಗಳಿಗೆ 200 ರೂಪಾಯಿ. ಅದು 2007ರಲ್ಲೂ 200, ಈಗಲೂ 200. ಮೇಲಿನದ್ದೆಲ್ಲ ರಾಜ್ಯ ಹಾಕಬೇಕು. ಪಿಎಂ ಕಿಸಾನ್ 2019ರಲ್ಲಿ ವರ್ಷಕ್ಕೆ 6,000 ಅಂತ ಶುರುವಾಯಿತು, ಅಲ್ಲೇ ನಿಂತಿದೆ. ಯಡಿಯೂರಪ್ಪನವರ ಕಾಲದಲ್ಲಿ ರಾಜ್ಯ ಅದರ ಮೇಲೆ 4,000 ಕೊಟ್ಟಿತು, ಸರಕಾರ ಬದಲಾದ ಮೇಲೆ ಅದೂ ಹೋಯಿತು. ಗೃಹಲಕ್ಷ್ಮಿ 2,000 ಅಂದ ದಿನದಿಂದ 2,000.

ಈಗ ಈ ಕಡೆ ನೋಡಿ. 2013ರ ಆಹಾರ ಭದ್ರತೆ ಕಾಯ್ದೆಯಲ್ಲಿ ತಲೆಗೆ 5 ಕೆಜಿ ಅಂತ ಬರೆದರು. ಅದು ಇವತ್ತಿಗೂ 5 ಕೆಜಿ. ಅಕ್ಕಿ ಬೆಲೆ ಎಷ್ಟು ಏರಿದರೂ 5 ಕೆಜಿ. ಆಗ ಕೆಜಿಗೆ 3 ರೂಪಾಯಿ ಇತ್ತು, 2023ರ ಜನವರಿಯಿಂದ ಅದೂ ಇಲ್ಲ. ಗೃಹಜ್ಯೋತಿಯ 200 ಯುನಿಟ್ ಮಿತಿ ಯುನಿಟ್ಟಿನಲ್ಲಿದೆ. ಹೆಂಗಸರಿಗೆ ಬಸ್ ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಇನ್ನೂ ಒಳ್ಳೆಯ ಉದಾಹರಣೆ. 2025ರ ಜನವರಿಯಲ್ಲಿ ರಾಜ್ಯದ ಸಾರಿಗೆ ಬಸ್ ದರ ಶೇ. 15ರಷ್ಟು ಏರಿತು. ನಾನು ಸರಕು ತರಲು ಹುಬ್ಬಳ್ಳಿಗೆ ಹೋಗುವಾಗ ಕಿಸೆಗೆ ಬಿಸಿ ತಾಗಿತು. ಪಕ್ಕದಲ್ಲಿ ಕುಳಿತು ಕಿಮ್ಸ್ ಆಸ್ಪತ್ರೆಗೆ ಹೊರಟ ಹೆಂಗಸಿಗೆ ದರ ಏರಿದ್ದೇ ಗೊತ್ತಿರಲಿಲ್ಲ. ಬಸ್ ಬದಲು ಅವಳಿಗೆ ತಿಂಗಳಿಗಿಷ್ಟು ಅಂತ ದುಡ್ಡು ಕೊಟ್ಟಿದ್ದರೆ ಆ ಶೇ. 15 ಅವಳ ತಲೆಗೇ ಬೀಳುತ್ತಿತ್ತು, ಅಲ್ವಾ?

ಕೆಜಿಯಲ್ಲಿ, ಯುನಿಟ್ಟಿನಲ್ಲಿ, ಕಿಲೋಮೀಟರಿನಲ್ಲಿ ಕೊಟ್ಟರೆ ಬೆಲೆ ಏರಿಕೆಯ ಹೊರೆ ಕೊಡುವವನದ್ದು. ರೂಪಾಯಿಯಲ್ಲಿ ಕೊಟ್ಟರೆ ಇಸಿದುಕೊಂಡವನದ್ದು. ಮೂಲ ಆದಾಯದ ಬಗ್ಗೆ ನಾನು ಓದಿದ ಲೇಖನಗಳಲ್ಲಿ ಸೋಮಾರಿತನ, ಕುಡಿತ, ಸ್ವಾತಂತ್ರ್ಯ ಅಂತ ಪುಟಗಟ್ಟಲೆ ಇರುತ್ತದೆ. ಈ ಮಾತಿಗೆ ಒಂದು ಸಾಲು, ಅದೂ ಕೊನೆಗೆ. ಬರೆಯುವವರು ದಿನಾ ಜೋಳ ತೂಗಿದ್ದರೆ ಇದೇ ಮೊದಲ ಸಾಲು ಆಗಿರುತ್ತಿತ್ತು.

ಇರಾನ್ ಇದನ್ನು ದೊಡ್ಡದಾಗಿ ಮಾಡಿ ನೋಡಿತು. 2010ರಲ್ಲಿ ಪೆಟ್ರೋಲ್, ಗ್ಯಾಸ್, ಬ್ರೆಡ್ಡಿನ ಸಬ್ಸಿಡಿ ಕಡಿಮೆ ಮಾಡಿ ತಲೆಗೆ ತಿಂಗಳಿಗೆ 4,55,000 ರಿಯಾಲ್ ಕೊಟ್ಟಿತು. ಆಗ ಅದು 40 ಡಾಲರಿಗೂ ಮೇಲೆ. ಜನ ಕೆಲಸ ಬಿಡಲಿಲ್ಲ, ಬಡವರಿಗೆ ನಿಜವಾಗಿ ಅನುಕೂಲ ಆಯಿತು. ಆಮೇಲೆ ಬೆಲೆ ಏರುತ್ತಾ ಹೋಯಿತು, ರಿಯಾಲ್ ಬೀಳುತ್ತಾ ಹೋಯಿತು, 4,55,000 ಮಾತ್ರ ವರ್ಷಗಟ್ಟಲೆ ಅಷ್ಟೇ ಇತ್ತು. ಸಬ್ಸಿಡಿ ಆಗಲೇ ಹೋಗಿತ್ತು.

ಇಲ್ಲೇ ಇದರ ರಾಜಕೀಯ ಆಕರ್ಷಣೆಯೂ ಇದೆ ಅಂತ ನನ್ನ ಅನಿಸಿಕೆ. ಎಲ್ಲರೂ ಹೇಳುವುದು, ಖಾತೆಗೆ ದುಡ್ಡು ಹಾಕಿದರೆ ಓಟು ಬರುತ್ತದೆ ಅಂತ. ಅದು ಅರ್ಧ ನಿಜ. ಇಲ್ಲಿ 2023ರಲ್ಲಿ ಐದು ಗ್ಯಾರಂಟಿ ಹೇಳಿದ ಕಾಂಗ್ರೆಸ್ಸಿಗೆ 135 ಸೀಟು ಬಂತು. ಅದೇ ವರ್ಷ ಮಧ್ಯಪ್ರದೇಶದಲ್ಲಿ ಲಾಡ್ಲಿ ಬೆಹನಾ ಅಂತ ಹೆಂಗಸರ ಖಾತೆಗೆ ತಿಂಗಳಿಗಿಷ್ಟು ಹಾಕಿದ ಬಿಜೆಪಿ ಗೆದ್ದಿತು. ಆದರೆ 2019ರಲ್ಲಿ ಕಡುಬಡವರಿಗೆ ವರ್ಷಕ್ಕೆ 72,000 ಕೊಡುತ್ತೇವೆ ಅಂದ ನ್ಯಾಯ್ ಯೋಜನೆ ಕಾಂಗ್ರೆಸ್ಸಿಗೆ ಏನೂ ತಂದುಕೊಡಲಿಲ್ಲ. ಸಿಕ್ಕಿಂನಲ್ಲಿ ಆಳುವ ಪಕ್ಷ ಅದೇ ವರ್ಷ ಎಲ್ಲರಿಗೂ ಮೂಲ ಆದಾಯ ಅಂತ ಘೋಷಿಸಿತು, ಚುನಾವಣೆ ಸೋತಿತು. ಸ್ವಿಟ್ಜರ್ಲೆಂಡಿನಲ್ಲಿ 2016ರಲ್ಲಿ ಜನರನ್ನೇ ಕೇಳಿದಾಗ ಶೇ. 77ರಷ್ಟು ಓಟು ಬೇಡ ಅಂತ ಬಿತ್ತು. ದುಡ್ಡು ಅಂದ ಕೂಡಲೇ ಜನ ಮರುಳಾಗುವುದಿಲ್ಲ.

ನನಗೆ ಕಾಣುವ ಆಕರ್ಷಣೆ ಬೇರೆ. ಕೆಜಿ ಕಡಿಮೆ ಮಾಡಬೇಕಾದರೆ ಸಚಿವರು ಆದೇಶ ಹೊರಡಿಸಬೇಕು. ಮರುದಿನ ಗದಗಿನ ಗಾಂಧಿ ಸರ್ಕಲ್ಲಿನಲ್ಲಿ ಧರಣಿ. ರೂಪಾಯಿ ಕಡಿಮೆ ಮಾಡಲು ಏನೂ ಮಾಡಬೇಕಿಲ್ಲ. ಸುಮ್ನೆ ಕುಳಿತರೆ ಸಾಕು. ಬೆಲೆ ವರ್ಷಕ್ಕೆ ಶೇ. 5ರಂತೆ ಏರಿದರೆ ಇವತ್ತಿನ 2,000ಕ್ಕೆ ಹತ್ತು ವರ್ಷದ ನಂತರ ಸುಮಾರು 1,230ರ ಬೆಲೆ. ಯಾರೂ ಕಡಿತ ಮಾಡಿಲ್ಲ, ಯಾರ ಮೇಲೂ ಸಿಟ್ಟು ಬರುವುದಿಲ್ಲ, ಮೆಸೇಜು ಮಾತ್ರ ಪ್ರತಿ ತಿಂಗಳು ಟಿಂಗ್ ಅನ್ನುತ್ತದೆ. ಉದ್ಘಾಟನೆ ದೊಡ್ಡದು, ಖರ್ಚು ತಾನಾಗಿ ಸಣ್ಣದು. ಖಜಾನೆ ನೋಡಿಕೊಳ್ಳುವವರಿಗೆ ಇದಕ್ಕಿಂತ ಚಂದದ ಯೋಜನೆ ಬೇಕಾ?

ಎಡದವರೂ ಬಲದವರೂ ಮೂಲ ಆದಾಯವನ್ನು ತಮ್ಮದು ಅನ್ನುವುದು ಇನ್ನೊಂದು ತಮಾಷೆ. ಯಾರ ಮುಂದೆಯೂ ಕೈ ಚಾಚದೆ, ಬಡವ ಅಂತ ಸರ್ಟಿಫಿಕೇಟ್ ತರದೆ ಸಿಗಬೇಕು ಅಂತ ಒಬ್ಬರಿಗೆ ಇಷ್ಟ. ಇಲಾಖೆ, ಗೋದಾಮು, ಗುಮಾಸ್ತರು ಎಲ್ಲ ಮುಚ್ಚಬಹುದು ಅಂತ ಇನ್ನೊಬ್ಬರಿಗೆ ಇಷ್ಟ. ಅಮೆರಿಕದ ಬಲಪಂಥೀಯ ಲೇಖಕ ಚಾರ್ಲ್ಸ್ ಮರ್ರೆ 2006ರಲ್ಲಿ ಹೇಳಿದ್ದು ಎರಡನೆಯದು. ವರ್ಷಕ್ಕೆ 10,000 ಡಾಲರ್ ತೆಗೆದುಕೊಳ್ಳಿ, ಪಿಂಚಣಿ, ಆಸ್ಪತ್ರೆ ನೆರವು ಎಲ್ಲ ಬಿಡಿ. ಸಭೆಯಲ್ಲಿ ಇಬ್ಬರೂ ಒಂದೇ ಹೆಸರಿಗೆ ಚಪ್ಪಾಳೆ ತಟ್ಟುತ್ತಾರೆ. ಜಗಳ ಶುರುವಾಗುವುದು ಏನು ಮುಚ್ಚಬೇಕು ಅಂತ ಪಟ್ಟಿ ಮಾಡಲು ಕುಳಿತಾಗ.

ಆ ಪಟ್ಟಿಯ ಲೆಕ್ಕ ನಮ್ಮಲ್ಲೂ ಒಮ್ಮೆ ಆಗಿದೆ. ಅರವಿಂದ ಸುಬ್ರಮಣಿಯನ್ ಮುಖ್ಯ ಆರ್ಥಿಕ ಸಲಹೆಗಾರರಾಗಿದ್ದಾಗ ಬಂದ 2016-17ರ ಆರ್ಥಿಕ ಸಮೀಕ್ಷೆಯಲ್ಲಿ. ಶೇ. 75 ಜನರಿಗೆ ತಲೆಗೆ ವರ್ಷಕ್ಕೆ 7,620 ರೂಪಾಯಿ, ಅಂದ್ರೆ ತಿಂಗಳಿಗೆ 635. ಖರ್ಚು ಜಿಡಿಪಿಯ ಶೇ. 4.9. ಆಗ ಕೇಂದ್ರದ ಸುಮಾರು 950 ಯೋಜನೆಗಳ ಖರ್ಚು ಜಿಡಿಪಿಯ ಶೇ. 5ರಷ್ಟು. ಜೋಡಿ ಹೇಗೆ ಕೂಡಿತು ನೋಡಿ. ಆದರೆ ಆ 950ರಲ್ಲಿ ದುಡ್ಡೆಲ್ಲ ಇರುವುದು ಕೆಲವೇ ದೊಡ್ಡ ಯೋಜನೆಗಳಲ್ಲಿ. ರೇಷನ್, ಯೂರಿಯಾ, ಉದ್ಯೋಗ ಖಾತ್ರಿ. ಯಾರೂ ಹೆಸರು ಕೇಳದ ನೂರಾರು ಸಣ್ಣ ಯೋಜನೆ ಮುಚ್ಚಿದರೆ ಈ ಲೆಕ್ಕ ಕೂಡುವುದಿಲ್ಲ. ದೊಡ್ಡವನ್ನೇ ಮುಚ್ಚಬೇಕು. ಮುಂಗಾರು ಹಂಗಾಮಿನಲ್ಲಿ ಹೆಸರು, ಗೋವಿನಜೋಳ ಬಿತ್ತಿದ ರೈತರ ಮುಂದೆ ನಿಂತು ಇನ್ನು ಯೂರಿಯಾ ಪೂರ್ತಿ ರೇಟು, ಬದಲಿಗೆ 635 ಹಾಕುತ್ತೇವೆ ಅನ್ನುವ ಶಾಸಕರನ್ನು ನಾನು ನೋಡಬೇಕು. ದೂರದಿಂದ.

ಅಂದಹಾಗೆ ಅವ್ವನ ಮನೆಯ ಲೆಕ್ಕ ಹಾಕಿದೆ. ಗೃಹಲಕ್ಷ್ಮಿ 2,000, ಅಕ್ಕಿ ಬದಲಿನ 850, ಒಟ್ಟು 2,850. ಐದು ತಲೆಗೆ ಹಂಚಿದರೆ 570. ಸಮೀಕ್ಷೆಯ 635ರ ಹತ್ತಿರ ಹತ್ತಿರ ಬಂತು. ಅಂದ್ರೆ ಮೂಲ ಆದಾಯ ಅಂತ ಪಂಡಿತರು ಹೇಳಿದ ಮೊತ್ತದಷ್ಟನ್ನು ಆ ಮನೆ ಆಗಲೇ ಪಡೆಯುತ್ತಿತ್ತು. ಕೇಂದ್ರದ 25 ಕೆಜಿ ಅಕ್ಕಿ, ಬಸ್ಸು, ಕರೆಂಟು, ಮಕ್ಕಳ ಶಾಲೆಯ ಬಿಸಿಯೂಟ, ಎಲ್ಲ ಅದರ ಮೇಲೆ. ಸಮೀಕ್ಷೆಯ ಲೆಕ್ಕ ಕೂಡಬೇಕಾದರೆ ಇವುಗಳಲ್ಲಿ ಕೆಲವಾದರೂ ಹೋಗಬೇಕು. ಅಷ್ಟೂ ಬಿಟ್ಟು 570 ಇಟ್ಟುಕೋ ಅಂದರೆ ಏನಂತಿ ಅಂತ ಅವ್ವನನ್ನು ಕೇಳಿದೆ. "ಯಾರ ಹೇಳಿದ್ರು ನಿನಗ ಇದನ್ನ? ಅವ್ರಿಗೆ ಮೊದ್ಲ ಕೊಟ್ಟು ನೋಡಂತ ಹೇಳು" ಅಂದಳು.

ಸ್ಟಾರ್ ಜಾಸ್ತಿ ಕೊಡಬೇಕಾದರೆ ಏನು ಬೇಕು? ಪ್ರತಿ ವರ್ಷ ಬೆಲೆ ಏರಿದಷ್ಟು ಮೊತ್ತವೂ ಏರಬೇಕು, ಅದು ಬಜೆಟ್ ಭಾಷಣದಲ್ಲಿ ಹೇಳಿದರೆ ಸಾಲದು, ಕಾಯ್ದೆಯಲ್ಲೇ ಇರಬೇಕು. ಸರಕಾರಿ ನೌಕರರಿಗೆ ತುಟ್ಟಿಭತ್ಯೆ ಇಲ್ಲವಾ? ವರ್ಷಕ್ಕೆ ಎರಡು ಸಲ ಅವರದ್ದು ಏರುತ್ತದೆ. ಅವ್ವ ಕೊಳ್ಳುವ ಜೋಳವೇ ಅವರೂ ಕೊಳ್ಳುವುದು, ಅದೇ ಅಂಗಡಿಯಲ್ಲಿ, ಅದೇ ದರಕ್ಕೆ. ಆಮೇಲೆ, ಕಂತು ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು. ನಾನು ಹೋಲ್‌ಸೇಲ್ ಅಂಗಡಿಗೆ ತಡ ಮಾಡಿದರೆ ಅವರು ನನ್ನನ್ನು ಬಿಡುತ್ತಾರಾ? ಇವೆರಡು ಬರೆದು ಕೊಟ್ಟರೆ ನಾಲ್ಕೂವರೆ. ಆಗ ಅಕ್ಕಿ ಬದಲು ರೊಕ್ಕವೇ ಇರಲಿ ಅಂತ ನಾನೇ ಸಹಿ ಸಂಗ್ರಹ ಮಾಡುತ್ತೇನೆ, ಯಾಕಂದ್ರೆ ರೊಟ್ಟಿ ತಿನ್ನುವ ಊರಿಗೆ ಅಕ್ಕಿ ಹೊರಿಸುವುದು ನನಗೂ ಸರಿ ಕಾಣುವುದಿಲ್ಲ.

2025ರ ಫೆಬ್ರುವರಿಯಿಂದ ಮತ್ತೆ ಅಕ್ಕಿಯೇ. ಬೈಕಿನವರು ಮತ್ತೆ ಓಣಿಗೆ ಬಂದರು. ನನ್ನ ಜೋಳದ ವ್ಯಾಪಾರ ಸ್ವಲ್ಪ ಕುಗ್ಗಿತು, ಉದ್ರಿ ಪುಸ್ತಕ ಮತ್ತೆ ದಪ್ಪಗಾಯಿತು. ಆಮೇಲೆ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಆ ಹೆಚ್ಚುವರಿ ಐದು ಕೆಜಿ ಅಕ್ಕಿ ಬದಲು ತೊಗರಿ ಬೇಳೆ, ಅಡುಗೆ ಎಣ್ಣೆ, ಸಕ್ಕರೆ, ಉಪ್ಪು ಇರುವ ಕಿಟ್ ಕೊಡಲು ಒಪ್ಪಿತು. ಕಿಟ್ ಕೈಗೆ ಬಂದ ಮೇಲೆ ಬೇರೆ ರಿವ್ಯೂ ಬರೆಯುತ್ತೇನೆ. ಬೇಳೆ, ಎಣ್ಣೆ ಎರಡೂ ನನ್ನ ಅಂಗಡಿಯಲ್ಲಿ ಜಾಸ್ತಿ ಓಡುವ ಮಾಲು, ಹಾಗಾಗಿ ಅದರಲ್ಲಿ ನನ್ನ ಸ್ಟಾರ್ ಒಂದು ಕಡಿಮೆ ಕಂಡರೆ ನೀವೇ ಸೇರಿಸಿಕೊಳ್ಳಿ.